ಪುನರುತ್ಥಾನವೂ ಐಕ್ಯವೂ: ಒಂದು ವಿಮರ್ಶೆ

ಎಂ.ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯ ಪಾತ್ರದಲ್ಲಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ಕಲ್ಯಾಣದ ಕ್ರಾಂತಿಯ ತರುವಾಯ ಬಸವಣ್ಣನವರ ಪತ್ನಿಯು ಇಲ್ಲಿ ಲಿಂಗೈಕ್ಯಳಾದಳೆಂಬುದು ಪರಂಪರೆಯ ನಂಬುಗೆ. ಈ ಸ್ಥಳವನ್ನು ಕಂಡುಬಂದ ವಿದ್ಯಾರ್ಥಿಗಳು ತರಗತಿಯಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದುಂಟು: ಶರಣರ ಐಕ್ಯವೂ ಕ್ರಿಸ್ತನ ಪುನರುತ್ಥಾನವೂ ಒಂದೇ ತತ್ತ್ವದ ಎರಡು ಹೆಸರುಗಳಲ್ಲವೇ? ಸಮನ್ವಯದ ಉಪನ್ಯಾಸಗಳಲ್ಲಿಯೂ ಈ ಮಾತು ಕೇಳಿಬರುತ್ತದೆ. ಸದ್ಭಾವನೆಯಿಂದ ಹುಟ್ಟಿದ ಮಾತೇ ಸರಿ. ಆದರೆ ಪರೀಕ್ಷೆಗೆ ನಿಲ್ಲುವಂಥದಲ್ಲ.

ಸಂಸ್ಕಾರವನ್ನೇ ನೋಡೋಣ. ಲಿಂಗಾಯತರೂ ಕ್ರೈಸ್ತರೂ ಸಂಪ್ರದಾಯದಂತೆ ದೇಹವನ್ನು ಹೂಳುವವರು. ತುಲನೆಯ ಉತ್ಸಾಹಿಗಳಿಗೆ ಇದೊಂದು ಆಧಾರವಾಗಿ ತೋರುತ್ತದೆ. ಲಿಂಗಾಯತ ಸಮಾಧಿಯಲ್ಲಿ ದೇಹವನ್ನು ಕುಳ್ಳಿರಿಸಿ, ಕೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿಯೊಡನೆ ಮಣ್ಣು ಮಾಡುತ್ತಾರೆ. ಹೋದವನು ಲಿಂಗದಲ್ಲಿ ಬೆರೆತನು. ಮರಳಿ ಬರುವ ಮಾತಿಲ್ಲ. ಕ್ರೈಸ್ತನ ಗೋರಿಯಾದರೋ ಕಾದಿರುವ ಗೋರಿ. ಅಲ್ಲಿ ಮಲಗಿದವನು ಕಡೆಯ ದಿನ ಏಳಬೇಕು. ಆಚಾರದಲ್ಲಿ ಹತ್ತಿರವಾಗಿ ಕಂಡದ್ದು ಅರ್ಥದಲ್ಲಿ ತೀರ ದೂರ ನಿಲ್ಲುತ್ತದೆ.

ಗೊಂದಲಕ್ಕೆ ಭಾಷೆಯೂ ಕಾರಣ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು ಬೋಧಿಸತೊಡಗಿದಾಗ ಈ ಸೀಮೆಯ ಕೇಳುಗರಿಗೆ ಪುನರ್ಜನ್ಮ ಗೊತ್ತಿತ್ತು, ಐಕ್ಯವೂ ಗೊತ್ತಿತ್ತು. ಮೊದಲನೆಯದರಲ್ಲಿ ಜೀವ ಅದೇ, ದೇಹ ಬೇರೆ. ಎರಡನೆಯದರಲ್ಲಿ ದೇಹದ ಪ್ರಶ್ನೆಯೇ ಇಲ್ಲ. ಸತ್ತ ವ್ಯಕ್ತಿಯೇ ದೇಹಸಹಿತನಾಗಿ, ಮತ್ತೆ ಸಾಯದಂತೆ ಎದ್ದನೆಂಬುದು ಮೂರನೆಯ ಮಾತು. ಕನ್ನಡ ಬೈಬಲ್ಲಿನಲ್ಲಿ ನೆಲೆಗೊಂಡ 'ಪುನರುತ್ಥಾನ'ಕ್ಕೆ ಮರಳಿ ಏಳುವುದೆಂದಷ್ಟೇ ಅರ್ಥ. ಆದರೆ ಅದರ ಪೂರ್ವಪದವು ಇಂದಿಗೂ ವಿದ್ಯಾರ್ಥಿಯ ಮನಸ್ಸನ್ನು ಪುನರ್ಜನ್ಮದ ಕಡೆಗೆ ಎಳೆಯುತ್ತದೆ.

ಕ್ರೈಸ್ತರೊಳಗೂ ಏಕಾಭಿಪ್ರಾಯವಿಲ್ಲವೆಂಬುದನ್ನು ಇಲ್ಲಿ ಮರೆಯಲಾಗದು. ಸುಮಾರು ಕ್ರಿ. ಶ. 55ರ ಹೊತ್ತಿಗೆ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಪೌಲನು ಬೀಜದ ಮತ್ತು ಸಸಿಯ ದೃಷ್ಟಾಂತ ಕೊಟ್ಟು 'ಆತ್ಮಿಕ ದೇಹ'ವೆಂಬ ವಿಚಿತ್ರ ಪದವನ್ನು ಬಳಸುತ್ತಾನೆ. ಲೂಕನ ಕ್ರಿಸ್ತನಾದರೋ ಎದ್ದ ಮೇಲೆ ಮೀನು ತಿನ್ನುತ್ತಾನೆ. ನಾಲ್ಕನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆಯು, ಸ್ತ್ರೀಯರು ಬರಿದಾದ ಗೋರಿಯಿಂದ ಹೆದರಿ ಓಡುವಲ್ಲಿಗೇ ಮುಗಿಯುತ್ತದೆ. ದರ್ಶನಗಳ ಪ್ರಸಂಗವೇ ಇಲ್ಲ. 1941ರಲ್ಲಿ ಜರ್ಮನಿಯ ಬುಲ್ಟ್‌ಮನ್ನನು ಪುನರುತ್ಥಾನವನ್ನು ಪುರಾಣದ ಭಾಷೆಯೆಂದೂ, ಶಿಲುಬೆಯ ಅರ್ಥವನ್ನು ಸಾರುವ ಘೋಷಣೆಯಲ್ಲಿಯೇ ಅದರ ಸತ್ಯವಿರುವುದೆಂದೂ ವಾದಿಸಿದನು. 2003ರ ಬೃಹದ್ಗ್ರಂಥದಲ್ಲಿ ಇಂಗ್ಲೆಂಡಿನ ಎನ್. ಟಿ. ರೈಟ್ ಇದಕ್ಕೆ ಪ್ರತಿಯಾಗಿ, ಆ ಕಾಲದ ಯೆಹೂದ್ಯರಲ್ಲಿ ಈ ಪದಕ್ಕೆ ದೈಹಿಕ ಅರ್ಥವೇ ರೂಢವಾಗಿತ್ತೆಂದು ತೋರಿಸಿದರು.

ಬುಲ್ಟ್‌ಮನ್ನನ ವ್ಯಾಖ್ಯಾನ ನಮ್ಮವರ ಕಿವಿಗೆ ಹಿತವಾದುದು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಪೌಲನು ಕ್ರಿಸ್ತನನ್ನು ಕಂಡವರ ಪಟ್ಟಿಯನ್ನೇ ಕೊಟ್ಟು, ಐನೂರಕ್ಕೂ ಮಿಕ್ಕವರಲ್ಲಿ ಬಹುಪಾಲು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಬರಿಯ ಸಂಕೇತಕ್ಕೆ ಸಾಕ್ಷಿಗಳೇಕೆ? ಈ ಪಟ್ಟಿ ತನ್ನ ವಾದಕ್ಕೆ ತೊಡಕೆಂಬುದನ್ನು ಬುಲ್ಟ್‌ಮನ್ನನೂ ಬಲ್ಲವನಾಗಿದ್ದನು. ಕಾರ್ಕಳದಲ್ಲಿ 1920ರಲ್ಲಿ ಜನಿಸಿದ ಸ್ಟ್ಯಾನ್ಲಿ ಸಮರ್ಥರು ಅದ್ವೈತದ ಚೌಕಟ್ಟಿನಲ್ಲಿ ಕ್ರಿಸ್ತನನ್ನು ಅರಿಯಲೆತ್ನಿಸಿದಾಗಲೂ ಇತಿಹಾಸದ ಮಹತ್ತ್ವವನ್ನು ಬಿಟ್ಟುಕೊಡಲಿಲ್ಲ.

ಇದರಿಂದ ಘಟನೆ ಸಿದ್ಧವಾಯಿತೆಂದು ನಾನು ಹೇಳುತ್ತಿಲ್ಲ. ಆ ನಂಬುಗೆ ಎಷ್ಟು ಹಳೆಯದೆಂಬುದನ್ನು ಇತಿಹಾಸಕಾರನು ಗೊತ್ತುಪಡಿಸಬಲ್ಲನು. ಅದಕ್ಕೂ ಮುಂದೆ ಅವನ ಉಪಕರಣಗಳು ನಡೆಯಲಾರವು. ಗಂಗಾಂಬಿಕೆ ಮಲಪ್ರಭೆಯ ದಡಕ್ಕೆ ಬಂದಳೇ, ಯಾವ ದಾರಿಯಿಂದ ಬಂದಳು ಎಂದು ಅವನು ಕೇಳಬಹುದು. ಐಕ್ಯಕ್ಕೆ ಸಾಕ್ಷಿಗಳನ್ನು ಕೇಳುವುದು ಅರ್ಥಹೀನ, ಪರಂಪರೆಯೂ ಅವರನ್ನು ಮುಂದೊಡ್ಡಿಲ್ಲ. ಪೌಲನು ತಾನಾಗಿಯೇ ಸಾಕ್ಷಿಗಳನ್ನು ಕರೆದು ನಿಲ್ಲಿಸುತ್ತಾನೆ. ಕ್ರಿಸ್ತನು ಏಳದೆ ಹೋಗಿದ್ದರೆ ತನ್ನ ಬೋಧನೆಯೆಲ್ಲ ವ್ಯರ್ಥವೆಂದೂ ಒಪ್ಪಿಕೊಳ್ಳುತ್ತಾನೆ.