ಹಿಪ್‌ಹಾಪ್ ಮತ್ತು ಲಯದ ನಾವೀನ್ಯ

ಹಿಪ್‌ಹಾಪ್ ಎಂಬ ಅಮೆರಿಕದ ಗಾನಪ್ರಕಾರವು ತನ್ನ ಮೊದಲ ಎರಡು ದಶಕಗಳಲ್ಲಿಯೇ ಹೊಸತನ್ನೆಲ್ಲ ಮುಗಿಸಿತೆಂದೂ, ಅನಂತರ ಬಂದುದೆಲ್ಲವೂ ಹಳೆಯದರ ಆವೃತ್ತಿಯೆಂದೂ ಕೆಲವರು ಅಭಿಪ್ರಾಯಪಡುವುದುಂಟು. ಈ ಮತವು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾದುದು.

ಆದಿಕಾಲದ ಹಿರಿಮೆ ನಿರ್ವಿವಾದವಾಗಿದೆ. ೧೯೭೩ರಿಂದೀಚೆಗೆ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಡಿಜೆ ಕೂಲ್ ಹರ್ಕ್ ಅವರು ಹಾಡಿನ ನಡುವಣ ತಾಳವಾದ್ಯದ ಭಾಗವನ್ನು ಮರಳಿ ಮರಳಿ ನುಡಿಸಿ ಕುಣಿತಕ್ಕೆ ನೆಲೆಯೊದಗಿಸಿದರು. ೧೯೮೭ರ 'ಪೇಡ್ ಇನ್ ಫುಲ್' ಸಂಕಲನದಲ್ಲಿ ರಕೀಮರ ಪ್ರಾಸವು ಪಂಕ್ತಿಯ ಕೊನೆಯಲ್ಲಿ ನಿಲ್ಲದೆ ಒಡಲೊಳಕ್ಕೂ ಹಬ್ಬಿತು. ಪ್ರಾಸವೊಂದನ್ನೇ ಅಳತೆಗೋಲಾಗಿ ಹಿಡಿದವರಿಗೆ ಮುಂದಿನ ಕೃತಿಗಳು ಬಡವಾಗಿ ತೋರುವುದು ಸಹಜ. ಆದರೆ ಹೊಸತನವು ಅಷ್ಟರಲ್ಲಿ ಲಯದ ಕಡೆಗೆ ಸಾಗಿದ್ದಿತು.

೧೯೯೦ರ ದಶಕದಲ್ಲಿ ಹೂಸ್ಟನ್ನಿನ ಡಿಜೆ ಸ್ಕ್ರೂ ಹಾಡುಗಳನ್ನು ವಿಳಂಬಗೊಳಿಸಿ ಅವುಗಳ ಭಾವವನ್ನೇ ಬೇರೆಮಾಡಿದರು. ಡೆಟ್ರಾಯ್ಟಿನ ಜೆ ಡಿಲ್ಲಾ ಯಂತ್ರವು ತಾನಾಗಿ ತಿದ್ದುವ ತಾಳವನ್ನು ಒಲ್ಲದೆ, ಪೆಟ್ಟುಗಳನ್ನು ಕೂದಲೆಳೆಯಷ್ಟು ಹಿಂದುಮುಂದಾಗಿ ಇರಿಸಿದರು. ಅಟ್ಲಾಂಟಾದ ಮಿಗೋಸ್ ತಂಡವು ೨೦೧೩ರ 'ವರ್ಸಾಚೆ'ಯಲ್ಲಿ, ಒಂದು ಪೆಟ್ಟಿಗೆ ಮೂರಕ್ಷರ ಬರುವ ತಿಶ್ರನಡೆಯನ್ನೇ ಪ್ರಧಾನವಾಗಿ ಹಿಡಿಯಿತು; ಆ ಬಳಿಕ ಅದು ಎಲ್ಲೆಡೆಯೂ ಹರಡಿತು.

ಈ ನಡೆ ಮೆಂಫಿಸಿನ ತ್ರೀ ಸಿಕ್ಸ್ ಮಾಫಿಯಾ ಮೊದಲಾದವರಲ್ಲಿ ೧೯೯೦ರ ದಶಕದಲ್ಲಿಯೇ ಇದ್ದಿತಲ್ಲವೆ, ಇದರಲ್ಲಿ ಹೊಸತೇನು, ಎಂದು ಆಕ್ಷೇಪಿಸಬಹುದು. ರಗಳೆ ಪಂಪನಲ್ಲಿಯೂ ಉಂಟು. ಆದರೂ ಅದನ್ನು ಇಡಿಯ ಕಾವ್ಯದ ಒಡಲಾಗಿಸಿದ ಹರಿಹರನನ್ನು ನವೀನನಲ್ಲವೆನ್ನಲಾಗದು. ಬಿಡಿ ಅಲಂಕಾರವಾಗಿದ್ದುದು ರಚನೆಯ ಆಧಾರವಾಗುವುದೂ ಸೃಷ್ಟಿಯೇ ಸರಿ.

ನಷ್ಟವಾಗಲಿಲ್ಲವೆಂದಲ್ಲ. ಅನುಮತಿಯಿಲ್ಲದೆ ಪರರ ಧ್ವನಿಮುದ್ರಿಕೆಯ ತುಣುಕನ್ನು ಬಳಸಬಾರದೆಂದು ೧೯೯೧ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ತೀರ್ಪಿತ್ತ ಮೇಲೆ, ಹತ್ತಾರು ತುಣುಕುಗಳನ್ನು ಹೆಣೆಯುವ ಶೈಲಿ ದುಬಾರಿಯಾಗಿ ಕ್ಷೀಣಿಸಿತು. ತಿಶ್ರನಡೆಯೂ ಅನುಕರಣಕಾರರ ಕೈಯಲ್ಲಿ ಬೇಗನೆ ಜಡವಾಯಿತು. ಆದರೆ ಅನುಕರಣದ ದೋಷವನ್ನು ಮೂಲದ ಮೇಲೆ ಹೊರಿಸುವುದು ನ್ಯಾಯವಲ್ಲ.

ಪ್ರಾಸವು ಅಚ್ಚಿನ ಪುಟದಲ್ಲಿಯೂ ಕಾಣುವುದು. ಪೆಟ್ಟಿನ ಹಿಂದುಮುಂದು ಕಾಣದು. ಪದಪಾಠವನ್ನು ಮಾತ್ರ ಮುಂದಿರಿಸಿಕೊಂಡು ಈ ಪ್ರಕಾರವು ಬತ್ತಿತೆಂದು ತೀರ್ಮಾನಿಸುವ ವಿಮರ್ಶೆ ಅರ್ಧವನ್ನೇ ಪರೀಕ್ಷಿಸಿದೆ. ಉಳಿದರ್ಧವನ್ನು ಕಿವಿಯೇ ಪರೀಕ್ಷಿಸಬೇಕು.