ಈ ವಾಕ್ಯದ ಕರ್ತೃ ಯಾರು?

ನಮ್ಮ ಬೀದರ ಕಡೆಯ ಹಳ್ಳಿಗಳಲ್ಲಿ ಗರ್ಭ ನಿಲ್ಲದೆ ಹೋದರೆ ‘ಬಸಿರು ಇಳೀತು’ ಅನ್ನುತ್ತಾರೆ. ಬೇಡವೆಂದು ದವಾಖಾನೆಗೆ ಹೋದರೆ ‘ಆಕಿ ತೆಗಸ್ಕೊಂಡ್ಳು’ ಅನ್ನುತ್ತಾರೆ. ಮೊದಲ ವಾಕ್ಯದಲ್ಲಿ ಮನುಷ್ಯರೇ ಇಲ್ಲ. ಮಳೆ ಬಂದ ಹಾಗೆ, ಗೋಡೆ ಬಿದ್ದ ಹಾಗೆ ಅದು ತಾನಾಗಿ ಆದದ್ದು. ಎರಡನೆಯದರಲ್ಲಿ ಇರುವುದು ಒಬ್ಬಳೇ. ಗಂಡ, ಅತ್ತೆ, ಡಾಕ್ಟರು, ಗುಳಿಗೆ ಕೊಟ್ಟ ಅಂಗಡಿಯವನು, ಕಾನೂನು ಬರೆದ ಸಂಸತ್ತು, ಇವರಲ್ಲಿ ಯಾರೂ ಆ ಕ್ರಿಯಾಪದದ ಹತ್ತಿರ ಸುಳಿಯುವುದಿಲ್ಲ.

ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 16ರಂದು ಕೊಟ್ಟ ತೀರ್ಪನ್ನು ಓದುವಾಗ ನನ್ನನ್ನು ಕಾಡಿದ್ದು ಈ ವ್ಯಾಕರಣವೇ. ನಾನು ಕಾನೂನು ಓದಿದವಳಲ್ಲ, ಕನ್ನಡ ಕಥನ ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿ. ಆದರೆ ತೀರ್ಪೂ ಒಂದು ಪಠ್ಯ. ಅದರಲ್ಲೂ ಪಾತ್ರಗಳಿವೆ, ಮಾತಾಡುವವರಿದ್ದಾರೆ, ಮಾತಾಡದವರಿದ್ದಾರೆ. ಒಂದು ಕಥೆಯನ್ನು ಓದುವಾಗ ಕೇಳುವ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬಹುದು: ಇಲ್ಲಿ ನಡೆದದ್ದನ್ನು ಮಾಡಿದವರು ಯಾರು?

ಪ್ರಕರಣ ಹಲವರಿಗೆ ನೆನಪಿರಬಹುದು. ಅರ್ಜಿದಾರಳು 27 ವರ್ಷದ ವಿವಾಹಿತೆ, ಎರಡು ಮಕ್ಕಳ ತಾಯಿ. ಎರಡನೇ ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದಳು. ಕೂಸಿಗೆ ಇನ್ನೂ ಹಾಲುಣಿಸುತ್ತಿದ್ದಳು, ಮುಟ್ಟು ಮರಳಿ ಶುರುವಾಗಿರಲಿಲ್ಲ. ಹಾಗಾಗಿ ಮೂರನೆಯ ಬಾರಿ ಬಸಿರಾದದ್ದು ಗೊತ್ತಾಗುವ ಹೊತ್ತಿಗೆ ತಿಂಗಳುಗಳು ಉರುಳಿದ್ದವು. ಅಕ್ಟೋಬರ್ 9ರಂದು ನ್ಯಾಯಮೂರ್ತಿಗಳಾದ ಹಿಮಾ ಕೊಹ್ಲಿ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಗರ್ಭಪಾತಕ್ಕೆ ಅನುಮತಿ ಕೊಟ್ಟಿತು. ಮರುದಿನವೇ ಏಮ್ಸ್‌ನ ವೈದ್ಯರೊಬ್ಬರು ಸರ್ಕಾರಿ ವಕೀಲರಿಗೆ ಇಮೇಲ್ ಬರೆದು, ಭ್ರೂಣ ಬದುಕುವ ಸಾಧ್ಯತೆ ಇದೆ, ಅದರ ಎದೆಬಡಿತ ನಿಲ್ಲಿಸಬೇಕೇ ಎಂದು ಸ್ಪಷ್ಟನೆ ಕೇಳಿದರು. ಸರ್ಕಾರ ಮತ್ತೆ ಕೋರ್ಟಿಗೆ ಹೋಯಿತು. 11ರಂದು ಅದೇ ಪೀಠ ಇಬ್ಭಾಗವಾಯಿತು. ತಮ್ಮ ಆತ್ಮಸಾಕ್ಷಿ ಒಪ್ಪುವುದಿಲ್ಲ ಎಂದರು ನ್ಯಾ. ಕೊಹ್ಲಿ. ಗರ್ಭಿಣಿಯ ನಿರ್ಧಾರವನ್ನು ಗೌರವಿಸಬೇಕು ಎಂದರು ಕನ್ನಡದವರೇ ಆದ ನ್ಯಾ. ನಾಗರತ್ನ. ಕೊನೆಗೆ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಮೂವರ ಪೀಠ ಅರ್ಜಿಯನ್ನು ತಿರಸ್ಕರಿಸಿತು. ಗರ್ಭ 24 ವಾರ ದಾಟಿದೆ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಭ್ರೂಣದಲ್ಲಿ ಗಂಭೀರ ದೋಷವಿಲ್ಲ ಎಂಬುವು ಕಾರಣಗಳು. ಹೆರಿಗೆಯ ಖರ್ಚು ಸರ್ಕಾರದ್ದು, ಮಗುವನ್ನು ದತ್ತು ಕೊಡುವ ನಿರ್ಧಾರ ತಂದೆತಾಯಿಗಳದ್ದು.

ಒಂದು ವಾರದಲ್ಲಿ ಒಂದು ಹೆಣ್ಣಿಗೆ ಹೌದು, ಗೊತ್ತಿಲ್ಲ, ಇಲ್ಲ ಎಂಬ ಮೂರು ಉತ್ತರ ಬಂದವು. ಮೂರರಲ್ಲೂ ಪ್ರತಿಯೊಬ್ಬರೂ ಮತ್ತೊಬ್ಬರ ಕಡೆ ಬೊಟ್ಟು ಮಾಡಿದ್ದಾರೆ. ವೈದ್ಯರು ಕೋರ್ಟನ್ನು ಕೇಳುತ್ತಾರೆ, ಕೋರ್ಟು ವೈದ್ಯಕೀಯ ಮಂಡಳಿಯನ್ನು ಕೇಳುತ್ತದೆ, ಮಂಡಳಿ ಕಾಯ್ದೆಯನ್ನು ನೋಡುತ್ತದೆ. ಕಾಯ್ದೆ ಮಾಡಿದವರು ಮಾತ್ರ ಈ ಸಾಲಿನಲ್ಲಿ ಎಲ್ಲೂ ನಿಂತಿಲ್ಲ.

ಹಾಗಾದರೆ ಕಾಯ್ದೆಯ ವಾಕ್ಯವನ್ನೇ ನೋಡೋಣ. 1860ರ ದಂಡಸಂಹಿತೆ ಗರ್ಭಪಾತವನ್ನು ಅಪರಾಧವೆಂದಿತು. ತನ್ನ ಗರ್ಭವನ್ನು ತಾನೇ ತೆಗೆದುಕೊಂಡ ಹೆಂಗಸೂ ಅದರಲ್ಲಿ ಅಪರಾಧಿ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲಿ ಅದು ಹಾಗೆಯೇ ಮುಂದುವರಿದಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಇದಕ್ಕೆ ವಿನಾಯಿತಿ ಕೊಟ್ಟಿತು. ಆದರೆ ಆ ಕಾಯ್ದೆಯ ಮುಖ್ಯ ಕಲಮು ಹೇಳುವುದು ನಿಯಮದಂತೆ ಗರ್ಭ ತೆಗೆದ ನೋಂದಾಯಿತ ವೈದ್ಯ ಅಪರಾಧಿಯಲ್ಲ ಎಂದು. ವಾಕ್ಯದ ಕರ್ತೃ ವೈದ್ಯ. ಅಪರಾಧದ ವಾಕ್ಯದಲ್ಲಿ ಕರ್ತೃವಾಗಿದ್ದ ಹೆಂಗಸು ಹಕ್ಕಿನ ವಾಕ್ಯ ಬರುವಾಗ ಕಾಣೆಯಾಗುತ್ತಾಳೆ. 2021ರ ತಿದ್ದುಪಡಿ ಮಿತಿಯನ್ನು ಕೆಲವು ವರ್ಗದ ಮಹಿಳೆಯರಿಗೆ 24 ವಾರಕ್ಕೆ ಏರಿಸಿತು. ಅದನ್ನು ದಾಟಿದರೆ, ಭ್ರೂಣದಲ್ಲಿ ಗಂಭೀರ ದೋಷವಿದೆಯೆಂದು ಮಂಡಳಿ ಹೇಳಿದಾಗ ಮಾತ್ರ ವಾರಗಳ ಮಿತಿ ಇಲ್ಲ. ಅಂದರೆ ದೋಷ ಭ್ರೂಣದಲ್ಲಿದ್ದರೆ ದಾರಿ ಇದೆ. ತಾಯಿಯ ಮನಸ್ಸು ಮುರಿದಿದ್ದರೆ, ಜೀವವೇ ಹೋಗುವ ಹಂತ ಬರುವವರೆಗೆ ದಾರಿ ಇಲ್ಲ. ಈ ಗೆರೆಯನ್ನು ಎಳೆದದ್ದು ನ್ಯಾಯಾಧೀಶರಲ್ಲ, ನಾವು ಆರಿಸಿ ಕಳಿಸಿದವರು. ಲೋಕಸಭೆ 2020ರ ಮಾರ್ಚ್‌ನಲ್ಲಿ, ರಾಜ್ಯಸಭೆ 2021ರ ಮಾರ್ಚ್‌ನಲ್ಲಿ ಇದನ್ನು ಅಂಗೀಕರಿಸಿದವು.

ಇದೇ ಕೋರ್ಟು 2022ರ ಸೆಪ್ಟೆಂಬರ್ 29ರಂದು, ಅವಿವಾಹಿತೆಯರಿಗೂ 24 ವಾರದವರೆಗೆ ಅವಕಾಶವಿದೆ ಎಂದಿತ್ತು. ಗಂಡ ಮಾಡಿದ ಬಲಾತ್ಕಾರವನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರವೆಂದೇ ಎಣಿಸಬೇಕು ಎಂದಿತ್ತು. ಕಾಯ್ದೆಯ ಪದಗಳನ್ನು ಹಿಗ್ಗಿಸಬಹುದಾದಲ್ಲಿ ಕೋರ್ಟು ಹಿಗ್ಗಿಸಿತು. ಮರುವರ್ಷ ಗೆರೆಯ ಬಳಿ ಬಂದು ನಿಂತಿತು. ನಿಂತದ್ದು ಸರಿಯಲ್ಲ ಎನ್ನುವವರ ಜೊತೆ ನಾನಿದ್ದೇನೆ. ಆದರೂ 26 ವಾರದ ಭ್ರೂಣ ಹೊರಗೆ ಬದುಕಬಲ್ಲದು ಎಂಬ ವೈದ್ಯರ ಸಂಕಟ ಸುಳ್ಳಲ್ಲ. ಅಂಥ ಸಂಕಟವನ್ನು ಮೊದಲೇ ಚರ್ಚಿಸಿ, ಅದಕ್ಕೊಂದು ಭಾಷೆ ಕೊಡಬೇಕಾದ ಜಾಗ ಸಂಸತ್ತು.

ನಮ್ಮ ಜಿಲ್ಲೆಯಲ್ಲಿ ಈ ತೀರ್ಪು ಹೇಗೆ ಕೇಳಿಸಿತು? ಸ್ವಲ್ಪ ದಿನಕ್ಕೆ ಭಾಲ್ಕಿಯ ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪುಗಾರ್ತಿಯಾಗಿ ಹೋಗಿದ್ದೆ. ಮಾತಾಡಿದ ಹೆಚ್ಚಿನವರ ಬಾಯಲ್ಲಿ ಇದ್ದದ್ದು ಒಂದೇ ಪದ, ‘ಭ್ರೂಣಹತ್ಯೆ’. ಆಗಷ್ಟೇ, ನವೆಂಬರಿನಲ್ಲಿ, ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಜಾಲದ ಸುದ್ದಿ ಬಂದಿತ್ತು. ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣೆಂದು ತಿಳಿದ ಭ್ರೂಣಗಳನ್ನು ತೆಗೆಸುತ್ತಿದ್ದರು. ಅದಕ್ಕೂ ಹಿಂದೆ, 2022ರ ಜೂನ್‌ನಲ್ಲಿ, ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಏಳು ಭ್ರೂಣಗಳು ಸಿಕ್ಕಿದ್ದವು. ಹುಡುಗ ಹುಡುಗಿಯರ ಸಿಟ್ಟು ನ್ಯಾಯವಾದದ್ದೇ. ಆದರೆ ಮಂಡ್ಯದ ಆಲೆಮನೆಯೂ ದೆಹಲಿಯ ಅರ್ಜಿದಾರಳೂ ಒಂದೇ ಪದದೊಳಗೆ ಸೇರಿಹೋಗಿದ್ದರು. ಒಂದು ಕಡೆ ಹೆಣ್ಣಾಗಿದೆ ಎಂಬ ಕಾರಣಕ್ಕೆ ಕುಟುಂಬವೇ ಮುಂದೆ ನಿಂತು ತೆಗೆಸಿದ್ದು, 1994ರ ಲಿಂಗಪತ್ತೆ ನಿಷೇಧ ಕಾಯ್ದೆಗೆ ಸಂಬಂಧಿಸಿದ್ದು. ಇನ್ನೊಂದು ಕಡೆ ಹೊರಲಾರೆ ಎಂದು ಹೆಂಗಸೇ ಹೇಳಿದ್ದು. ಮೊದಲನೆಯದರಲ್ಲಿ ಆಕೆಯನ್ನು ಯಾರೂ ಕೇಳಿರಲಿಕ್ಕಿಲ್ಲ. ಎರಡನೆಯದರಲ್ಲಿ ಆಕೆ ಹೇಳಿದರೂ ಕೇಳಿಸಲಿಲ್ಲ. ಎರಡಕ್ಕೂ ‘ಹತ್ಯೆ’ ಎಂಬ ಒಂದೇ ಹೆಸರಿಟ್ಟರೆ ಆಲೆಮನೆಯ ಯಂತ್ರದ ಹಿಂದಿದ್ದವರು ತಪ್ಪಿಸಿಕೊಳ್ಳುತ್ತಾರೆ, ಪಾಪ ಮಾತ್ರ ತಾಯಿಯ ತಲೆಗೆ ಬರುತ್ತದೆ. ಈ ಗೊಂದಲದ ಬೆಲೆ ದೊಡ್ಡದು. ಲಿಂಗಪತ್ತೆ ಕೇಸಿನ ಭಯಕ್ಕೆ, ಕಾನೂನು ಒಪ್ಪಿದ ಗರ್ಭಪಾತ ಮಾಡಲೂ ವೈದ್ಯರು ಹಿಂಜರಿಯುತ್ತಾರೆ.

ಕನ್ನಡ ಕಥನ ಇದನ್ನು ಬಹಳ ಹಿಂದೆಯೇ ಕಂಡಿದೆ. ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆ, ಅದನ್ನು ಆಧರಿಸಿ 1977ರಲ್ಲಿ ಗಿರೀಶ ಕಾಸರವಳ್ಳಿ ಮಾಡಿದ ಚಿತ್ರ ನೆನಪಿಸಿಕೊಳ್ಳಿ. ವಿಧವೆ ಯಮುನಕ್ಕ ಬಸಿರಾಗಿದ್ದಾಳೆ. ಕಾರಣನಾದ ಗಂಡಸು ಕಥೆಯಿಂದಲೇ ಜಾರಿಕೊಳ್ಳುತ್ತಾನೆ. ಊರು ಅವನನ್ನು ಹುಡುಕುವುದಿಲ್ಲ. ಕೊನೆಗೆ ಬದುಕಿರುವ ಮಗಳಿಗೆ ತಂದೆ ಶ್ರಾದ್ಧ ಮಾಡುತ್ತಾನೆ, ಘಟ ಒಡೆಯುತ್ತದೆ. ಈ ಕೃತಿಯನ್ನು ಸಾಮಾನ್ಯವಾಗಿ ಸಂಪ್ರದಾಯದ ಕ್ರೌರ್ಯದ ಕಥೆಯಾಗಿ ಓದುತ್ತೇವೆ. ಉತ್ತರದಾಯಿತ್ವದ ಕಥೆಯಾಗಿಯೂ ಅದನ್ನು ಓದಬಹುದು ಎಂದು ನನಗೆ ಅನ್ನಿಸುತ್ತದೆ. ಶ್ರಾದ್ಧ ಎಂಬುದು ಅಲ್ಲಿ ಒಂದು ತೀರ್ಪು. ಅದಕ್ಕೆ ವಿಧಿಯಿದೆ, ಮಂತ್ರವಿದೆ, ಸಾಕ್ಷಿಗಳಿದ್ದಾರೆ. ಇಷ್ಟೆಲ್ಲ ಇರುವುದರಿಂದಲೇ ಯಾರೊಬ್ಬರೂ ‘ನಾನು ಇವಳನ್ನು ಹೊರಗೆ ಹಾಕಿದೆ’ ಎಂದು ಹೇಳಬೇಕಾಗಿಲ್ಲ. ಶಾಸ್ತ್ರ ಹೇಳಿತು, ನಡೆಯಿತು, ಅಷ್ಟೆ. ಯಮುನಕ್ಕನ ಪಕ್ಕ ನಿಂತವನು ಏನೂ ಮಾಡಲಾಗದ ಒಬ್ಬ ಪುಟ್ಟ ಹುಡುಗ. ಕಥೆ ಅವನ ಕಣ್ಣಿನಿಂದ ಕಾಣುವುದರಿಂದಲೇ ದೊಡ್ಡವರ ಕರ್ತೃವಿಲ್ಲದ ಭಾಷೆ ನಮಗೆ ಅಷ್ಟು ಭಯ ಹುಟ್ಟಿಸುತ್ತದೆ.

ಇದು ಮಲೆನಾಡಿನ ಅಗ್ರಹಾರದ ಮಾತಾಯಿತು, ನಮ್ಮದಲ್ಲ ಎಂದು ಬೀದರಿನವರು ಹೇಳುವಂತಿಲ್ಲ. ಕಲ್ಯಾಣದ ಶರಣರು ಹುಟ್ಟಿನ ಸೂತಕವನ್ನೂ ಮುಟ್ಟಿನ ಸೂತಕವನ್ನೂ ನಿರಾಕರಿಸಿದ ನೆಲ ನಮ್ಮದು. ಆದರೂ ಹೆಂಗಸಿನ ಹೊಟ್ಟೆಯ ವಿಷಯ ಬಂದಾಗ ನಮ್ಮ ಸಭೆಗಳಲ್ಲಿ ಇವತ್ತಿಗೂ ಸೂತಕದ ಮೌನವೇ ಇರುತ್ತದೆ.

ಈ ಮೌನ ಮುರಿದ ಒಂದು ಉದಾಹರಣೆ ಇದೆ, ಅದರ ನಡುವೆ ಇರುವವಳು ಒಬ್ಬ ಕನ್ನಡತಿ. ಬೆಳಗಾವಿಯ ಸವಿತಾ ಹಾಲಪ್ಪನವರ, ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡರು. 17 ವಾರದ ಬಸಿರು ಉಳಿಯುವುದಿಲ್ಲ ಎಂಬುದು ಖಚಿತವಾಗಿತ್ತು. ತೆಗೆಯಿರಿ ಎಂದು ಕೇಳಿದರು. ಭ್ರೂಣದ ಎದೆಬಡಿತ ಇರುವವರೆಗೆ ಆಗುವುದಿಲ್ಲ ಎಂದರು. ನಂಜು ಮೈಗೇರಿತು. ದೆಹಲಿಯ ಪ್ರಕರಣವೂ ಇದೂ ಒಂದೇ ಅಲ್ಲ, ವಾರಗಳ ಲೆಕ್ಕವೇ ಬೇರೆ. ಆದರೆ ಎರಡೂ ಕಡೆ ಎಲ್ಲರಿಗೂ ಕೇಳಿಸಿದ್ದು ಎದೆಬಡಿತ, ಕೇಳಿಸದೆ ಹೋದದ್ದು ಎದುರಿಗಿದ್ದವಳ ಮಾತು.

ಅಲ್ಲಿಯೂ ಹಿಂದೆ ಒಂದು ತೀರ್ಪಿತ್ತು. 1992ರಲ್ಲಿ ಅತ್ಯಾಚಾರಕ್ಕೊಳಗಾದ 14 ವರ್ಷದ ಹುಡುಗಿ ಗರ್ಭಪಾತಕ್ಕೆ ಇಂಗ್ಲೆಂಡಿಗೆ ಹೋಗದಂತೆ ಸರ್ಕಾರ ತಡೆಯಾಜ್ಞೆ ತಂದಿತ್ತು. ಜನ ಬೀದಿಗಿಳಿದರು. ಅಲ್ಲಿನ ಸುಪ್ರೀಂ ಕೋರ್ಟು ತಡೆ ತೆಗೆದು, ಆತ್ಮಹತ್ಯೆಯ ಅಪಾಯವೂ ಸೇರಿ ತಾಯಿಯ ಜೀವಕ್ಕೆ ಅಪಾಯವಿದ್ದರೆ ಗರ್ಭಪಾತ ಮಾಡಬಹುದು ಎಂದಿತು. ಅದನ್ನು ಕಾಯ್ದೆಯಾಗಿ ಬರೆಯುವ ಕೆಲಸ ಸಂಸತ್ತಿನದಾಗಿತ್ತು. ಇಪ್ಪತ್ತು ವರ್ಷ ಯಾವ ಸರ್ಕಾರವೂ ಬರೆಯಲಿಲ್ಲ, ವೋಟಿನ ಭಯ. ಆ ಖಾಲಿ ಜಾಗದಲ್ಲಿ ಸವಿತಾ ತೀರಿಕೊಂಡರು. 2013ರ ಏಪ್ರಿಲ್‌ನಲ್ಲಿ ಮರಣ ವಿಚಾರಣೆಯ ಜ್ಯೂರಿ ಕೊಟ್ಟ ನಿರ್ಣಯ ‘ವೈದ್ಯಕೀಯ ಅವಘಡ’ ಎಂದು. ಮತ್ತೆ ಕರ್ತೃವಿಲ್ಲದ ಪದ.

ಐರ್ಲೆಂಡಿನ ಜನ ಆ ಪದಕ್ಕೆ ತೃಪ್ತರಾಗಲಿಲ್ಲ. ಆಸ್ಪತ್ರೆಯನ್ನಷ್ಟೇ ಬೈಯದೆ, ಇಪ್ಪತ್ತು ವರ್ಷ ಬರೆಯದೆ ಕೂತವರ ಹೆಸರು ಹಿಡಿದು ಕೇಳಿದರು. 2013ರಲ್ಲಿ ಒಂದು ಅರೆಬರೆ ಕಾಯ್ದೆ ಬಂತು. ಕೇಳುವುದು ನಿಲ್ಲಲಿಲ್ಲ. 2018ರ ಮೇ 25ರ ಜನಮತದಲ್ಲಿ ಶೇ. 66.4ರಷ್ಟು ಜನ ಗರ್ಭಪಾತ ನಿಷೇಧದ ಸಂವಿಧಾನದ ಕಲಮನ್ನು ಕಿತ್ತುಹಾಕಲು ಹೌದೆಂದರು. ಹೌದೆಂದು ಮತ ಹಾಕಿ ಎಂದು ಬೆಳಗಾವಿಯಿಂದ ಸವಿತಾರ ತಂದೆತಾಯಿಯೂ ಕೇಳಿಕೊಂಡಿದ್ದರು. ನಮ್ಮ ಊರಿನ ದುಃಖವೊಂದು ಇನ್ನೊಂದು ದೇಶದ ರಾಜಕಾರಣಿಗಳನ್ನು ಕಟಕಟೆಗೆ ತಂದಿತು, ನಮ್ಮವರನ್ನು ತರಲಿಲ್ಲ. ಸವಿತಾಗಾಗಿ ನಾವು ಐರ್ಲೆಂಡನ್ನು ಬೈದೆವು, 1971ರಿಂದಲೇ ನಮ್ಮಲ್ಲಿ ಕಾಯ್ದೆ ಇದೆಯೆಂದು ಹೆಮ್ಮೆಪಟ್ಟೆವು. ಆ ಕಾಯ್ದೆಯ ಕರ್ತೃ ಯಾರು ಎಂದು ನೋಡಲಿಲ್ಲ.

ಕ್ಷೇತ್ರಕಾರ್ಯಕ್ಕೆಂದು ಔರಾದ ತಾಲ್ಲೂಕಿನ ತಾಂಡಾವೊಂದಕ್ಕೆ ಹೋದಾಗ, ದೆಹಲಿಯ ಪ್ರಕರಣವನ್ನು ಅಲ್ಲಿನ ಆಶಾ ಕಾರ್ಯಕರ್ತೆಗೆ ಹೇಳಿದೆ. ಆಕೆಗೆ ಆಶ್ಚರ್ಯವಾಗಲಿಲ್ಲ. ‘ಹಾಲು ಕುಡಸೋ ಮುಂದ ಮುಟ್ಟ ಆಗಲ್ಲ ತಂಗಿ, ಹೊಟ್ಟಿಲೆ ಆಗಿದ್ದು ಗೊತ್ತಾಗೋದ್ರಾಗ ಐದ ತಿಂಗಳ ಆಗಿರ್ತದ. ಹಿಂಗ ಆಗೋದು ನಮ್ ಬಲ್ಲಿ ಹೊಸಾದಲ್ಲ’ ಅಂದರು. ದೇಶದ ಅತ್ಯುನ್ನತ ನ್ಯಾಯಾಲಯ ಒಂದು ವಾರ ತಲೆ ಕೆಡಿಸಿಕೊಂಡ ಸಂಗತಿ ಆಕೆಗೆ ದಿನದ ಕೆಲಸದ ಭಾಗ. ಮುಂದಿನದನ್ನು ನಾನೇ ಲೆಕ್ಕ ಹಾಕಿದೆ. ಕೂಲಿಗೆ ಹೈದರಾಬಾದಿಗೆ ಹೋದವಳು ತಾಂಡಾಕ್ಕೆ ಮರಳಬೇಕು. ಔರಾದ ಪಟ್ಟಣಕ್ಕೆ ರೈಲಿಲ್ಲ, ಬಸ್ಸು ಹಿಡಿದು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬೀದರಿನ ಬ್ರಿಮ್ಸ್‌ಗೆ ಬರಬೇಕು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಆಮೇಲೆ ಇಬ್ಬರದು ಬೇಕು. 24 ದಾಟಿದರೆ ಮಂಡಳಿ, ಮಂಡಳಿ ಒಪ್ಪದಿದ್ದರೆ ನೂರು ಕಿಲೋಮೀಟರಿಗೂ ದೂರದ ಕಲಬುರಗಿಯ ಹೈಕೋರ್ಟ್ ಪೀಠ. ವಾರಗಳು ಗರ್ಭದಲ್ಲಿ ಎಷ್ಟು ಬೆಳೆಯುತ್ತವೋ ಬಸ್ಸಿನಲ್ಲೂ ಅಷ್ಟೇ ಕಳೆಯುತ್ತವೆ. ಇದೆಲ್ಲ ಆಗದವಳು ಅಂಗಡಿಯ ಗುಳಿಗೆ ನುಂಗುತ್ತಾಳೆ. ಆಮೇಲೆ ಊರು ಹೇಳುತ್ತದೆ, ‘ಆಕಿ ತೆಗಸ್ಕೊಂಡ್ಳು’ ಎಂದು.

ಹಾಗಾಗಿ ತೀರ್ಪಿನ ವಿಮರ್ಶೆ ತೀರ್ಪಿನಲ್ಲೇ ಮುಗಿಯುವುದಿಲ್ಲ. ಮುಂದಿನ ಸಲ ಬೀದರ ಕೋಟೆಯ ಮುಂದೆಯೋ, ಭಾಲ್ಕಿಯ ಬಸ್‌ಸ್ಟ್ಯಾಂಡಿನ ಬಳಿಯೋ, ಔರಾದದ ಸಂತೆಯಲ್ಲೋ ವೋಟು ಕೇಳುವವರು ಬಂದಾಗ ಕೇಳಲು ಪ್ರಶ್ನೆಗಳಿವೆ. ನಮ್ಮ ತಾಲ್ಲೂಕಿನಲ್ಲಿ ಈ ಸೇವೆ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ, ಅಲ್ಲಿ ತರಬೇತಿ ಪಡೆದ ವೈದ್ಯರು ಎಷ್ಟು ಮಂದಿ? 24 ವಾರದ ಗೆರೆಯಾಚೆ ಭ್ರೂಣದ ದೋಷಕ್ಕೆ ಜಾಗವಿದ್ದು ತಾಯಿಯ ಮನೋರೋಗಕ್ಕೆ ಯಾಕಿಲ್ಲ? ಆ ಗೆರೆ ಎಳೆಯುವಾಗ ನೀವು ಎದ್ದು ನಿಂತು ಏನು ಹೇಳಿದಿರಿ? ಇವು ಹೆಂಗಸರ ಪ್ರಶ್ನೆಗಳು ಎಂದು ಗಂಡಸರು ಪಕ್ಕಕ್ಕೆ ಸರಿಯುವಂತಿಲ್ಲ. ಯಮುನಕ್ಕನ ಊರಿನಲ್ಲಿ ಎಲ್ಲರೂ ಸರಿದಿದ್ದರು.

ಆಶಾ ಕಾರ್ಯಕರ್ತೆ ಕೊನೆಗೆ ನನ್ನನ್ನು ಒಂದು ಮಾತು ಕೇಳಿದರು: ‘ಕೋರ್ಟು ಬ್ಯಾಡ ಅಂತಲ್ಲ ತಂಗಿ, ಆ ಕೂಸು ಈಗ ಯಾರ ಬಲ್ಲಿ ಅದ, ಆ ತಾಯಿ ಹ್ಯಾಂಗ ಹಾಳ?’ ತೀರ್ಪಿನ ಪುಟಗಳಲ್ಲಿ ಇದಕ್ಕೆ ಉತ್ತರವಿಲ್ಲ. ತೀರ್ಪು ಅಲ್ಲಿ ಮುಗಿಯುತ್ತದೆ, ಆ ಹೆಂಗಸಿನ ಬದುಕು ಅಲ್ಲಿಂದ ಮುಂದೆ ನಡೆಯಬೇಕು. ಅದರ ಲೆಕ್ಕ ಕೊಡಬೇಕಾದವರ ಹೆಸರು ವಾಕ್ಯದೊಳಗೆ ಬರುವವರೆಗೆ ನಾವು ಓದುತ್ತಿರುವುದು ಅರ್ಧ ವಾಕ್ಯವನ್ನು.