ಮೂವರ ಹಾಡು, ಒಬ್ಬರ ಹೆಸರು

ಪಿ. ಕಾಳಿಂಗರಾಯರ ಹೆಸರೆತ್ತಿದರೆ ಹಳಬರು ಮೊದಲು ನೆನೆಯುವುದು ಅವರ ಕಂಠವನ್ನು. ಆ ಕಂಚಿನ ದನಿ, ಕವಿಯ ಮಾತು ಒಂದಿಷ್ಟೂ ಮಾಸದಂತೆ ಉಚ್ಚರಿಸುವ ಆ ನಾಲಗೆ, ರಾಗದ ಹಂಗಿಗೆ ಬೀಳದೆ ರಾಗದ ಬಲವನ್ನೆಲ್ಲ ಬಳಸಿಕೊಳ್ಳುವ ಆ ಧೈರ್ಯ. ಎಲ್ಲವೂ ನಿಜ. ಆದರೆ ಅವರ ವೇದಿಕೆಯಲ್ಲಿ ಇನ್ನೂ ಎರಡು ದನಿಗಳಿದ್ದವು. ಮೋಹನಕುಮಾರಿ ಮತ್ತು ಸೋಹನಕುಮಾರಿ ಎಂಬ ಸೋದರಿಯರು ಅವರೊಂದಿಗೆ ಊರೂರು ತಿರುಗಿ ಹಾಡಿದರು. ಕನ್ನಡ ಸುಗಮ ಸಂಗೀತ ಜನರ ಮುಂದೆ ಮೊದಲು ನಿಂತದ್ದು ಮೂವರ ಹಾಡಾಗಿ. ಅದನ್ನು ನಾವು ಉಳಿಸಿಕೊಂಡದ್ದು ಒಬ್ಬರ ಹೆಸರಾಗಿ. ಈ ಪರಂಪರೆಯ ದೊಡ್ಡ ಕೊರತೆ ಅಲ್ಲಿಂದಲೇ ಶುರುವಾಯಿತೆಂದು ನನ್ನ ನಂಬಿಕೆ.

ಇದನ್ನು ಸ್ಪಷ್ಟವಾಗಿ ಕಾಣಿಸಿದ್ದು ಬಹಳ ದೂರದ ಒಂದು ಧ್ವನಿಮುದ್ರಿಕೆ. ಕೆನಡಾದ ಡಯಾನಾ ಕ್ರಾಲ್ ಪಿಯಾನೊ ನುಡಿಸುತ್ತಲೇ ಹಾಡುವ ಜಾಝ್ ಕಲಾವಿದೆ. 1996ರಲ್ಲಿ ಅವರು ‘ಆಲ್ ಫಾರ್ ಯೂ’ ಎಂಬ ಆಲ್ಬಮ್ ಹೊರತಂದರು. ಅದು ಹಿಂದಿನ ತಲೆಮಾರಿನ ನ್ಯಾಟ್ ಕಿಂಗ್ ಕೋಲ್‌ಗೆ ಸಲ್ಲಿಸಿದ ಗೌರವವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಗೆ ಹೇಳಿದರೆ ಅರ್ಧ ಮಾತ್ರ ಹೇಳಿದಂತೆ. ಅದರ ಉಪಶೀರ್ಷಿಕೆ ಅರ್ಪಣೆಯನ್ನು ‘ನ್ಯಾಟ್ ಕಿಂಗ್ ಕೋಲ್ ಟ್ರಿಯೊ’ಗೆ, ಅಂದರೆ ಮೂವರ ಆ ಮೇಳಕ್ಕೆ ಸಲ್ಲಿಸುತ್ತದೆ. ಎಷ್ಟೋ ಕೇಳುಗರಿಗೆ ಕೋಲ್ ಎಂದರೆ ತಂತಿವಾದ್ಯಗಳ ವೃಂದದ ಮುಂದೆ ನಿಂತು ಪ್ರೇಮಗೀತೆ ಹಾಡುವ ಗಾಯಕ. ಕ್ರಾಲ್ ಆ ಚಿತ್ರವನ್ನು ದಾಟಿ ಅದಕ್ಕೂ ಹಿಂದಕ್ಕೆ ಹೋದರು.

ಹಿಂದೆ ಏನಿತ್ತು? 1937ರ ಲಾಸ್ ಏಂಜಲೀಸ್. ಕೋಲ್ ಪಿಯಾನೊದಲ್ಲಿ, ಆಸ್ಕರ್ ಮೂರ್ ಗಿಟಾರಿನಲ್ಲಿ, ವೆಸ್ಲಿ ಪ್ರಿನ್ಸ್ ಡಬಲ್ ಬಾಸ್‌ನಲ್ಲಿ. ಡ್ರಮ್ಸ್ ಇಲ್ಲವೇ ಇಲ್ಲ. ದೊಡ್ಡ ಬ್ಯಾಂಡುಗಳು ಅಬ್ಬರಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಾಹಸವಾಗಿರಲಿಲ್ಲ. ತಾಳ ಹಿಡಿಯುವವರು ಪ್ರತ್ಯೇಕವಾಗಿ ಯಾರೂ ಇಲ್ಲದಿದ್ದರಿಂದ ಮೂವರೂ ಲಯದ ಹೊಣೆ ಹೊರಬೇಕಾಯಿತು. ಬಾಸ್ ನಡಿಗೆ ಕೊಡುತ್ತದೆ, ಗಿಟಾರ್ ಅದಕ್ಕೆ ಅಂಚು ಕೊಡುತ್ತದೆ, ಪಿಯಾನೊ ನಡುವೆ ಜಾಗ ಬಿಟ್ಟು ನುಡಿಯುತ್ತದೆ. ಆ ಬಿಟ್ಟ ಜಾಗವೇ ಟ್ರಿಯೊದ ಸೊಗಸು. ಮುಂದೆ ಆಸ್ಕರ್ ಪೀಟರ್ಸನ್‌ರಂಥ ಪಿಯಾನೊ ವಾದಕರು ಇದೇ ಮಾದರಿಯನ್ನು ಹಿಡಿದು ಬೆಳೆದರು. ಕೋಲ್ ವಾದ್ಯವೃಂದದೊಂದಿಗೆ ಹಾಡಿದ ‘ನೇಚರ್ ಬಾಯ್’ 1948ರಲ್ಲಿ ಮನೆಮಾತಾಯಿತು. ಕೋಲ್ ತಾರೆಯಾದರು, ಕೆಲವೇ ವರ್ಷಗಳಲ್ಲಿ ಟ್ರಿಯೊ ಕರಗಿಹೋಯಿತು. ಮೂರ್ ಅದಕ್ಕೂ ಮೊದಲೇ ಹೊರನಡೆದಿದ್ದರು. ಒಬ್ಬರು ಬೆಳೆದಾಗ ಉಳಿದವರು ಮರೆಯಾಗುವ ಕತೆ ಅಲ್ಲೂ ನಡೆದದ್ದೇ.

ಕ್ರಾಲ್ ಮರಳಿ ತಂದದ್ದು ಮೇಳದ ಆ ಕಟ್ಟನ್ನು. ರಸೆಲ್ ಮಲೋನ್ ಅವರ ಗಿಟಾರ್ ಮತ್ತು ಪಾಲ್ ಕೆಲರ್ ಅವರ ಬಾಸ್ ಅಲ್ಲಿ ಪಕ್ಕವಾದ್ಯಗಳ ಹಾಗೆ ಬಾಗಿ ನಿಲ್ಲುವುದಿಲ್ಲ. ಹಾಡಿನ ನಡುವೆ ಗಿಟಾರ್ ಮಾತೆತ್ತಿದರೆ ಗಾಯಕಿ ಸುಮ್ಮನಾಗಿ ಕೇಳುತ್ತಾರೆ. ಕೋಲ್‌ರ ದನಿಯ ಅನುಕರಣೆ ಎಲ್ಲಿಯೂ ಇಲ್ಲ. ಕ್ರಾಲ್‌ರದು ತಗ್ಗಿನ, ತುಸು ಒರಟಾದ ದನಿ. ಕೋಲ್ ತಮ್ಮನ್ನು ಲಯದ ಸೇವೆಗೆ ನಿಂತ ಹುಡುಗನೆಂದು ಕರೆದುಕೊಂಡಿದ್ದ ಹಾಡಿನಲ್ಲಿ ಇವರು ಹುಡುಗಿಯಾಗಿ ನಿಂತರು. ಹಾಡನ್ನು ತಮ್ಮದಾಗಿಸಿಕೊಂಡೂ ಹಿಂದಿನವರ ಶಿಸ್ತನ್ನು ಮುರಿಯಲಿಲ್ಲ. ಮಲೋನ್ 2024ರಲ್ಲಿ ತೀರಿಕೊಂಡರು. ಅವರನ್ನು ಬಿಟ್ಟು ಈ ಆಲ್ಬಮ್‌ನ ಬಗ್ಗೆ ಮಾತಾಡುವುದು ಸಾಧ್ಯವಿಲ್ಲ. ಅದೇ ಅದರ ಗೆಲುವು.

ಈಗ ನಮ್ಮ ಕಡೆ ನೋಡೋಣ.

ಕಾಳಿಂಗರಾಯರು 1914ರಲ್ಲಿ ಉಡುಪಿ ಸೀಮೆಯ ಆರೂರಿನಲ್ಲಿ ಹುಟ್ಟಿದವರು. ಅದು ಯಕ್ಷಗಾನದ ನೆಲ. ಭಾಗವತ, ಮದ್ದಲೆ, ಚಂಡೆ ಒಂದಕ್ಕೊಂದು ಆತುಕೊಂಡು ರಾತ್ರಿಯಿಡೀ ಕತೆ ನಡೆಸುವ ಹಿಮ್ಮೇಳ ಅಲ್ಲಿಯ ಗಾಳಿಯಲ್ಲೇ ಇದೆ. ರಂಗಭೂಮಿ, ಸಿನಿಮಾ ಎರಡನ್ನೂ ಕಂಡ ಅವರು ಬೇಂದ್ರೆ, ಕುವೆಂಪು, ರಾಜರತ್ನಂ ಅವರ ಕವಿತೆಗಳನ್ನು ಪುಸ್ತಕದಿಂದ ಎತ್ತಿ ಜನರ ಬಾಯಿಗೆ ಹಾಕಿದರು. ದಾಸರ ಪದ, ವಚನ, ಜನಪದ ಗೀತೆ, ನವೋದಯದ ಭಾವಗೀತೆ ಒಂದೇ ವೇದಿಕೆಯಲ್ಲಿ ಕೂತದ್ದು ಅವರಿಂದ. ಇಷ್ಟು ದೊಡ್ಡ ಕೆಲಸಕ್ಕೆ ಅವರು ಇಟ್ಟುಕೊಂಡ ಸಲಕರಣೆ ಚಿಕ್ಕದು. ಒಂದು ಗಂಡುದನಿ, ಅದನ್ನು ಎತ್ತಿಕೊಳ್ಳುವ ಎರಡು ಹೆಣ್ಣುದನಿ, ಬೆರಳೆಣಿಕೆಯ ವಾದ್ಯ. ರಾಯರು ಒಂದು ಸಾಲನ್ನು ಎಸೆದಾಗ ಸೋದರಿಯರು ಅದನ್ನು ಹಿಡಿಯುವ ಬಗೆಯಲ್ಲಿ ಕವಿತೆಗೆ ಸಂವಾದದ ಗುಣ ಬರುತ್ತಿತ್ತು. ಒಬ್ಬರ ಅಳಲು ಊರಿನ ಅಳಲಾಗುವುದು ಆ ಮರುದನಿಯಲ್ಲಿ.

1981ರಲ್ಲಿ ರಾಯರು ತೀರಿಕೊಳ್ಳುವ ಹೊತ್ತಿಗೆ ಕಾಲ ಬದಲಾಗಿತ್ತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಿತ್ತು. ಅದಕ್ಕೆ ರಾಗ ಕೊಟ್ಟ ಮೈಸೂರು ಅನಂತಸ್ವಾಮಿಯವರು ಕಾಳಿಂಗರಾಯರ ನಿಜವಾದ ವಾರಸುದಾರರು. ಸಾಲಿನ ತೂಕ ಅರಿತು ಸ್ವರ ಹಾಕುವ ಸಂಯಮ ಅವರಲ್ಲಿತ್ತು. ಸಿ. ಅಶ್ವಥ್ ಅವರ ದಾರಿ ಬೇರೆ. ಅವರು ಭಾವಗೀತೆಗೆ ನಾಟಕದ ಆವೇಶ ಕೊಟ್ಟರು, ವಾದ್ಯವೃಂದವನ್ನು ಹಿಗ್ಗಿಸಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ಕ್ಕೆ ಜನಸಾಗರ ಸೇರಿದಾಗ ಕವಿತೆ ಕೇಳಲು ಇಷ್ಟು ಮಂದಿ ಬರುತ್ತಾರೆಂಬುದೇ ನಾಡಿಗೆ ಹೊಸ ಸಂಗತಿ. ಆ ಸಾಧನೆಯನ್ನು ನಾನು ಕಿರಿದುಮಾಡುವುದಿಲ್ಲ. ಆದರೆ ಮೈದಾನ ದೊಡ್ಡದಾದಷ್ಟೂ ದನಿಗಳ ನಡುವಿನ ಜಾಗ ಸಣ್ಣದಾಯಿತು. ಹಿನ್ನೆಲೆಯವರು ಗುಂಪಾದರು, ಗುಂಪಿಗೆ ಹೆಸರಿರುವುದಿಲ್ಲ.

ನಾಡಗೀತೆಯ ರಾಗದ ಜಗಳವನ್ನೇ ನೋಡಿ. 2004ರಲ್ಲಿ ಕುವೆಂಪು ಅವರ ಗೀತೆ ನಾಡಗೀತೆಯಾಯಿತು. ಅನಂತಸ್ವಾಮಿಯವರ ಧಾಟಿಯೋ ಅಶ್ವಥ್ ಅವರ ಧಾಟಿಯೋ ಎಂಬ ವಾದ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಎರಡೂವರೆ ನಿಮಿಷದ ಮಿತಿಯಲ್ಲಿ ಒಪ್ಪಿತು. ತೀರ್ಮಾನ ಸರಿಯಾದದ್ದೇ. ಆದರೆ ಎಲ್ಲರೂ ಒಟ್ಟಾಗಿ ಹಾಡಬೇಕಾದ ಗೀತೆಯ ಬಗ್ಗೆ ನಮ್ಮ ಚರ್ಚೆಯೆಲ್ಲ ಯಾವ ಒಬ್ಬರ ಹೆಸರಿಗೆ ಅದು ಸೇರಬೇಕೆಂಬುದರ ಸುತ್ತಲೇ ಸುತ್ತಿತು. ಒಟ್ಟಾಗಿ ಹಾಡುವುದು ಹೇಗೆ, ಯಾವ ಶ್ರುತಿಯಲ್ಲಿ, ಮಕ್ಕಳ ದನಿ ದೊಡ್ಡವರ ದನಿ ಎಲ್ಲಿ ಕೂಡಬೇಕು ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಬಹಳ ಕಡಿಮೆ.

ಸ್ಮರಣೆಯ ಕಾರ್ಯಕ್ರಮಗಳ ಸ್ಥಿತಿಯೂ ಇದೇ. ಕಾಳಿಂಗರಾಯರ ನೆನಪಿನಲ್ಲಿ ಹಾಡುವ ಗಾಯಕರು ಸಾಮಾನ್ಯವಾಗಿ ಅವರ ಕಂಠವನ್ನು ಹಿಡಿಯಲು ಹೆಣಗುತ್ತಾರೆ. ಹಿಂದೆ ಕೀಬೋರ್ಡ್, ರಿದಮ್ ಪ್ಯಾಡ್, ಕೊಳಲು. ಕೆಲವೆಡೆ ಮೊದಲೇ ಮುದ್ರಿಸಿಟ್ಟ ಟ್ರ್ಯಾಕ್. ಟ್ರ್ಯಾಕ್‌ಗೆ ಕಿವಿಯಿಲ್ಲ. ಗಾಯಕ ಒಂದು ಶಬ್ದದ ಮೇಲೆ ಅರೆಗಳಿಗೆ ನಿಂತರೆ ಅದು ಕಾಯುವುದಿಲ್ಲ. ಕವಿತೆ ಹಾಡುವವನಿಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇರೆ ಯಾವುದಿದೆ? ಅನಂತಸ್ವಾಮಿಯವರ ಮಗ ರಾಜು ಅನಂತಸ್ವಾಮಿ ಮಾತ್ರ ಬೇರೆ ಬಗೆ ತೋರಿಸಿದ್ದರು. ಹಾರ್ಮೋನಿಯಂ ಮುಂದಿಟ್ಟುಕೊಂಡು ಅವರು ‘ರತ್ನನ ಪದಗಳು’ ಹಾಡುತ್ತಿದ್ದಾಗ ತಂದೆಯ ಧಾಟಿ ಇತ್ತು, ತಂದೆಯ ನಕಲು ಇರಲಿಲ್ಲ. ಕಾಳಿಂಗರಾಯರು, ಅನಂತಸ್ವಾಮಿ, ರಾಜು: ರಾಜರತ್ನಂ ಅವರ ಕುಡುಕ ರತ್ನ ಮೂರು ತಲೆಮಾರಿನ ಬಾಯಲ್ಲಿ ಮೂರು ಬಗೆಯಾಗಿ ಬದುಕಿದ. 2009ರಲ್ಲಿ ರಾಜು ಚಿಕ್ಕ ವಯಸ್ಸಿಗೇ ಹೋದದ್ದು ಈ ಪರಂಪರೆಗೆ ಬಿದ್ದ ದೊಡ್ಡ ಏಟು. ಅದೇ ವರ್ಷದ ಕೊನೆಗೆ ಅಶ್ವಥ್ ಅವರೂ ಹೋದರು.

ನಗರದ ವೇದಿಕೆ ಕಳೆದುಕೊಂಡದ್ದು ಎಲ್ಲಿಯೂ ಉಳಿದಿಲ್ಲವೆಂದಲ್ಲ. ಮುಂಡಗೋಡದ ಸನವಳ್ಳಿ ಕಡೆಯ ಹಳ್ಳಿಗಳನ್ನು ನೆನೆಯಿರಿ. ಒಂದು ಕಡೆ ಮಲೆನಾಡಿನ ಕಾಡು, ಇನ್ನೊಂದು ಕಡೆ ಬಯಲುಸೀಮೆಯ ಹೊಲ. ಪಕ್ಕದ ಶಿಗ್ಗಾಂವಿ ತಾಲ್ಲೂಕಿನಲ್ಲೇ ಸಂತ ಶರೀಫರ ಶಿಶುನಾಳ. ಶ್ರಾವಣದಲ್ಲಿ ಗುಡಿಯ ಕಟ್ಟೆಯ ಮೇಲೆ ಭಜನಿ ಮೇಳ ಕೂಡುತ್ತದೆ. ಪೇಟಿ ಮಾಸ್ತರ ಹಾಡುತ್ತಲೇ ಬೆರಳಾಡಿಸುತ್ತಾನೆ, ಪಕ್ಕದಲ್ಲಿ ತಬಲಾ, ಎದುರಿಗೆ ತಾಳ. ಮುಂದಿನವನು ಪದ ಎತ್ತಿದರೆ ಹಿಂದಿನವರು ಪಲ್ಲವಿ ಹಿಡಿಯುತ್ತಾರೆ. ಹಿಂದಿನವನ ದನಿ ಚೆನ್ನಾಗಿದ್ದರೆ ಮುಂದಿನ ಪದ ಅವನದೇ. ಶರೀಫರ ತತ್ವಪದಗಳು ಅಶ್ವಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ದನಿಯಲ್ಲಿ ನಾಡಿಡೀ ಹಬ್ಬಿದವು, ಅದು ದೊಡ್ಡ ಉಪಕಾರ. ಆದರೆ ಕ್ಯಾಸೆಟ್ಟಿನಲ್ಲಿ ಶರೀಫರು ಒಬ್ಬಂಟಿ ಅನುಭಾವಿಯಾಗಿ ಕೇಳಿಸುತ್ತಾರೆ. ಭಜನಿ ಕಟ್ಟೆಯಲ್ಲಿ ಅವರು ಹತ್ತು ಜನರ ನಡುವೆ ಕೂತವರು. ಗುರು ಗೋವಿಂದಭಟ್ಟರ ಜೊತೆ ಬದುಕು ಹಂಚಿಕೊಂಡ ಕವಿಗೆ ಈ ಎರಡನೆಯ ಬಗೆಯೇ ಹೆಚ್ಚು ಒಪ್ಪುತ್ತದೆ.

ಕ್ರಾಲ್ ತಮ್ಮ ಹಿಂದಿನವರಲ್ಲಿ ಕಂಡುಕೊಂಡ ಶಿಸ್ತು ನಮ್ಮ ಭಜನಿ ಕಟ್ಟೆಯಲ್ಲೂ ಕಾಳಿಂಗರಾಯರ ವೇದಿಕೆಯಲ್ಲೂ ಇದ್ದದ್ದೇ. ಅದನ್ನು ಮರಳಿ ಪಡೆಯಲು ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ, ಹಣವೂ ಹೆಚ್ಚು ಬೇಕಿಲ್ಲ. ಒಂದು ಹಾರ್ಮೋನಿಯಂ, ಒಂದು ತಬಲಾ, ಮೂರು ದನಿ ಸಾಕು. ಮೊದಲಿಗೆ ರಾಯರ ಹಳೆಯ ಧ್ವನಿಮುದ್ರಣಗಳನ್ನು ಹೆಣ್ಣುದನಿಗಳ ಮೇಲೆ ಕಿವಿಯಿಟ್ಟು ಮತ್ತೆ ಕೇಳಬೇಕು. ಸಾಲು ಎಲ್ಲಿ ಕೈ ಬದಲಾಯಿಸುತ್ತದೆ, ಎಲ್ಲಿ ಮೂರೂ ಕೂಡುತ್ತವೆ, ಎಲ್ಲಿ ರಾಯರು ಸುಮ್ಮನಾಗುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಸುಗಮ ಸಂಗೀತ ಕಲಿಸುವ ಶಾಲೆಗಳಲ್ಲಿ ಒಂಟಿ ಹಾಡಿನ ಸ್ಪರ್ಧೆಗೆ ಕೊಡುವ ಹೊತ್ತಿನಲ್ಲಿ ಒಂದಿಷ್ಟನ್ನು ಇದಕ್ಕೆ ಕೊಟ್ಟರೆ ಐದಾರು ವರ್ಷದಲ್ಲಿ ಹೊಸ ಮೇಳಗಳು ಹುಟ್ಟುತ್ತವೆ.

ಕಾಳಿಂಗರಾಯರ ನೆನಪಿನ ಕಾರ್ಯಕ್ರಮ ಮಾಡುವ ಸಂಘಟಕರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಬ್ಯಾನರ್ ಬರೆಸುವಾಗ ಮೋಹನಕುಮಾರಿ, ಸೋಹನಕುಮಾರಿ ಎಂಬ ಎರಡು ಹೆಸರುಗಳನ್ನು ರಾಯರ ಹೆಸರಿನ ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಸಿ. ವೇದಿಕೆಯ ಮೇಲೆ ಮೂವರನ್ನು ನಿಲ್ಲಿಸಿ.